ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಅವ್ವ ಆಡಿದ ಮಾತು

ಕಳೆದ ಚಳಿಗಾಲದಲ್ಲಿ ಅವ್ವನನ್ನು ಕಾಗಿನೆಲೆಗೆ ಕರೆದುಕೊಂಡು ಹೊರಟಿದ್ದೆ. ರಾಣೆಬೆನ್ನೂರಿನಲ್ಲಿ ನಾನು ಶಾಲಾ ಶಿಕ್ಷಕಿ. ರಜೆ ಸಿಗುವುದೇ ಅಪರೂಪ; ಆ ದಿನ ಪೂರ್ತಿ ಅವ್ವ ನನ್ನೊಬ್ಬಳಿಗೇ ಎಂದುಕೊಂಡಿದ್ದೆ.

ಬ್ಯಾಡಗಿಯಲ್ಲಿ ಬಸ್ ಬದಲಿಸಬೇಕು. ಮೆಣಸಿನಕಾಯಿ ಸುಗ್ಗಿಯ ಘಾಟು ನಿಲ್ದಾಣದವರೆಗೂ ಬಂದು ಎಲ್ಲರೂ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗಾಗಿ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಹುಡುಗಿ ಅಳುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಅವ್ವನಿಗೆ ಹೊಳೆಯಿತು. ಎದ್ದು ಹೋಗಿ ಅವಳ ಪಕ್ಕ ಕೂತಳು.

“ಯಾಕವ್ವ, ಏನಾತು?”

“ಏನಿಲ್ಲರಿ,” ಎಂದವಳು, ಸ್ವಲ್ಪ ಹೊತ್ತಿಗೆ ಎಲ್ಲ ಹೇಳಿಬಿಟ್ಟಳು. ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹಾವೇರಿಯ ತವರಿನಲ್ಲಿ ಸುಧಾರಿಸಿಕೊಂಡು ಈಗ ಗಂಡನ ಊರಿಗೆ ಹೊರಟಿದ್ದಳು. ಬಸ್ ಬಂದರೂ ಹತ್ತಲು ಕಾಲೇ ಬರುತ್ತಿರಲಿಲ್ಲ.

“ತೊಟ್ಟಿಲಾ ತಂದಿಟ್ಟಿದ್ರುರಿ. ಆ ಮನಿಗೆ ಹೆಂಗ ಹೋಗ್ಲಿ? ಬದುಕೂದ ಬ್ಯಾಡಾಗೇತಿ. ದೇವರಿಗೆ ಕೈ ಮುಗಿಯೂದನ್ನೂ ಬಿಟ್ಟೇನಿ.”

“ಬಿಡವ್ವ, ಮುಗೀಬ್ಯಾಡ,” ಅವ್ವ ಅವಳ ಕೈ ಹಿಡಿದುಕೊಂಡಳು. “ಸಿಟ್ಟು ಬಂದ್ರ ಬೈಯಿ. ಎಷ್ಟ ಬೈದ್ರೂ ಅವ ನಿನ್ನ ಬಿಟ್ಟು ಎದ್ದು ಹೋಗೂದಿಲ್ಲ. ನಿನ್ನ ಕೈ ಮತ್ತ ಮ್ಯಾಲ ಏಳೂತನಕ ನಿನ್ನ ಪಾಲಿಂದೂ ನಾ ಮುಗೀತೇನಿ. ಆದ್ರ ಬದುಕೂದ ಬ್ಯಾಡ ಅನಬ್ಯಾಡ. ಈ ಮಾತು ನಿನ್ನ ಗಂಡಗ ಹೇಳೀಯೇನು?”

ಇಲ್ಲವೆಂದು ತಲೆಯಾಡಿಸಿದಳು.

“ಹಚ್ಚು ಫೋನು. ನಾ ಇಲ್ಲೇ ಕುಂತಿರ್ತೇನಿ.”

ನನ್ನ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ವರ್ಷಗಳ ಹಿಂದೆ ನನ್ನ ಮಗುವೂ ಹೀಗೇ ಹೊಟ್ಟೆಯಲ್ಲೇ ಹೋಗಿತ್ತು. ಆಗ ಇದೇ ಅವ್ವ ನನ್ನ ಹಾಸಿಗೆಯ ಪಕ್ಕ ನಿಂತು, “ಆದದ್ದಾತು. ಏಳು, ಜಳಕಾ ಮಾಡು,” ಎಂದಿದ್ದಳು. ಅಷ್ಟೇ. ಕೈ ಹಿಡಿದಿರಲಿಲ್ಲ, ದೇವರ ಸುದ್ದಿ ಎತ್ತಿರಲಿಲ್ಲ. ಇಷ್ಟು ಮೆತ್ತಗಿನ ಮಾತು ಅವಳಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ಈಗ ಹೆಸರೂ ಗೊತ್ತಿಲ್ಲದ ಒಬ್ಬಳಿಗೆ ಅದನ್ನೆಲ್ಲ ಕೊಡುತ್ತಿದ್ದಳು. ನನಗಾಗಿ ಮಾಡಿ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನೂ ಅವಳ ಮುಂದೆ ತೆರೆದಾಗ ನನಗೆ ತಡೆಯಲಾಗಲಿಲ್ಲ.

“ಅವ್ವಾ, ಬಸ್ ಬಂತು!”

“ಹೋಗ್ಲಿ ಬಿಡು. ಇನ್ನೊಂದು ಬರ್ತೈತಿ,” ಎಂದಳು. ನನ್ನ ಕಡೆ ತಿರುಗಲೂ ಇಲ್ಲ.

ಆ ಹುಡುಗಿಯ ಗಂಡ ಬೈಕಿನಲ್ಲಿ ಬರುವವರೆಗೂ ಕಾದೆವು. ಅವನು ಓಡಿಬಂದು ಹೆಂಡತಿಯ ಎದುರು ಕುಕ್ಕರುಗಾಲಿನಲ್ಲಿ ಕೂತ. “ತೊಟ್ಟಿಲಾ ವಾಪಸ್ ಕೊಟ್ಟೇನಿ. ನೀ ಹೆಂಗದಿಯೋ ಹಂಗ ಬಾ,” ಎಂದ. ಹೊರಡುವಾಗ ಅವಳು ಅವ್ವನ ಹೆಗಲಿಗೆ ಮುಖವಿಟ್ಟು ಬಹಳ ಹೊತ್ತು ನಿಂತಳು. ಆ ಹೆಗಲು ನನ್ನದು ಎಂದು ಕೂಗಬೇಕೆನಿಸಿತು.

ಕಾಗಿನೆಲೆಯ ಬಸ್ಸಿನಲ್ಲಿ ಕೂತ ಮೇಲೆ ಕೇಳಿಯೇಬಿಟ್ಟೆ. “ನನಗ ಯಾಕ ಹಿಂಗ ಹೇಳಲಿಲ್ಲ ನೀ?”

ಅವ್ವ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಹೇಳಿದಳು: “ಏನಂತ ಹೇಳ್ಲಿ? ಆವಾಗ ನಾನೂ ಕೈ ಮುಗಿಯೂದು ಬಿಟ್ಟಿದ್ದೆ. ಮುಂಜಾನೆ ದೀಪ ಹಚ್ಚೂದು ಬರೇ ನಿಮ್ಮಪ್ಪಗ ಕಾಣ್ಲಿ ಅಂತ. ಒಳಗ ದೇವರ ಜೋಡಿ ಮಾತ ನಿಂತಿತ್ತು. ಬಾಯಿ ತೆಗದ್ರ ನಿನ್ನ ಮುಂದ ಬಿಕ್ಕಿ ಬಿಕ್ಕಿ ಅಳ್ತಿದ್ದೆ. ಅದಕ್ಕ ಜಳಕಾ ಮಾಡು ಅಂದೆ.”

ನನ್ನ ಮಗುವಿಗಾಗಿ ಅವಳು ದೇವರೊಡನೆ ಮಾತು ಬಿಟ್ಟಿದ್ದಳು. ಅದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವಳ ಕೈಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಹಾಗೆಂದು ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎನ್ನಲಾರೆ. ಇವತ್ತಿಗೂ ಆ ಹುಡುಗಿ ನೆನಪಾದರೆ ಮೊದಲು ಏಳುವುದು ಅದೇ. ಈಗ ಹೇಗಿದ್ದಾಳೋ, ಚೆನ್ನಾಗಿರಲಿ ಎಂಬುದು ಅದರ ಹಿಂದೆಯೇ ಬರುತ್ತದೆ.