ಫ್ಲಾಪಿಯಲ್ಲಿ ಹಿಡಿಸದ ಅಜ್ಜಿ

ಅವ್ವನಿಗೆ ತನ್ನ ತಾಯಿಯ ಮುಖ ಗೊತ್ತಿರಲಿಲ್ಲ. ಅವಳು ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಹೋಗಿದ್ದಳು. ಉಳಿದದ್ದು ಒಂದೇ ಫೋಟೊ, ಯಾರದೋ ಮದುವೆಯಲ್ಲಿ ತೆಗೆದದ್ದು: ಅಂಗಳದಲ್ಲಿ ಸಾಲಾಗಿ ನಿಂತ ಹೆಂಗಸರು, ಅವರ ಮುಂದೆ ನಾಲ್ಕಾರು ಮಕ್ಕಳು. ಆ ಹೆಂಗಸರಲ್ಲಿ ಅವ್ವನ ತಾಯಿಯೂ ಇದ್ದಾಳೆಂದು ಅವಳಪ್ಪ ಒಮ್ಮೆ ಅಂದಿದ್ದನಂತೆ. ಯಾವಾಕೆ ಎಂದು ಮಲತಾಯಿಯ ಎದುರಿಗೆ ಕೇಳಲು ಅವ್ವನಿಗೆ ಬಾಯಿ ಬರಲಿಲ್ಲ. ಅಪ್ಪ ಸತ್ತ ಮೇಲೆ ಫೋಟೊ ಅವಳ ಕೈಗೆ ಬಂತು. ಆ ಹೊತ್ತಿಗೆ ತಾಯಿಯ ಗುರುತು ಹೇಳಬಲ್ಲವಳು ಭೂಮಿಯ ಮೇಲೆ ಒಬ್ಬಳೇ ಇದ್ದಳು, ಕಲಬುರಗಿಯ ಹತ್ತಿರದ ಹಳ್ಳಿಯಲ್ಲಿದ್ದ ಅವ್ವನ ಅಕ್ಕ, ನಮ್ಮ ದೊಡ್ಡವ್ವ. ಫೋಟೊ ಹಿಡಿದು ಅಷ್ಟು ದೂರ ಹೋಗಿಬರಲು ಅವ್ವನಿಗೆ ಆಗಿರಲಿಲ್ಲ.

ಆಗ ನಾವು ಜೋಗುಪಾಳ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಶಿವಾಜಿನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡುಗಳನ್ನು ಮಾಡುತ್ತಿದ್ದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಫೋಟೊಗಳ ಅಂಚು ಕತ್ತರಿಸುವುದು, ಮುಖದ ಮೇಲಿನ ಕಲೆ ಒರೆಸುವುದು ನನ್ನ ಕೆಲಸ. ಅದರಲ್ಲಿ ನನಗೆ ಕೈ ಕುದುರಿತ್ತು, ಜೊತೆಗೆ ಸ್ವಲ್ಪ ಕೊಬ್ಬೂ ಬಂದಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಮಾಲೀಕರು ಹಳೆಯದನ್ನು ನನಗೆ ಕೊಟ್ಟರು. ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಮನೆತನದ ಫೋಟೊಗಳನ್ನೆಲ್ಲ ಇದರಲ್ಲಿ ಜೋಡಿಸಿಡುತ್ತೇನೆ ಎಂದು ಮನೆಯವರಿಗೆಲ್ಲ ಸಾರಿದೆ.

ಸ್ಕ್ಯಾನರ್ ಇದ್ದದ್ದು ಅಂಗಡಿಯಲ್ಲಿ. ಊಟದ ಡಬ್ಬಿಯ ಚೀಲದಲ್ಲಿ ದಿನಕ್ಕೊಂದೆರಡು ಫೋಟೊ ಒಯ್ದು, ಮಧ್ಯಾಹ್ನದ ಬಿಡುವಿನಲ್ಲಿ ಸ್ಕ್ಯಾನ್ ಮಾಡಿ, ಫ್ಲಾಪಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ಮನೆಯಲ್ಲಿ ಅವನ್ನು ಫೋಲ್ಡರುಗಳಿಗೆ ಹಂಚುವುದು: ಅಪ್ಪನ ಕಡೆ, ಅವ್ವನ ಕಡೆ, ಮದುವೆ, ನಾಮಕರಣ, ಯಾರೆಂದು ತಿಳಿಯದವರು. ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತು, "ನಮ್ಮವ್ವನ ಫೋಟೊ ಬಂತೇನು?" ಎಂದು ಕೇಳುತ್ತಲೇ ಇರುತ್ತಿದ್ದಳು. "ಬರುತ್ತವ್ವ, ಸ್ವಲ್ಪ ತಡ್ಕೋ" ಎಂದು ನಾನು ಸಿಡುಕುತ್ತಿದ್ದೆ.

ಆ ಫೋಟೊದ ಸರದಿ ಬಂದ ದಿನ ಅದು ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಒಂದು ಚೂರು ಹೆಚ್ಚಾಗುತ್ತಿತ್ತು. ಇಡೀ ಚಿತ್ರವನ್ನು ಕುಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ಅವ್ವನಿಗೆ ಬೇಕಾದದ್ದೇ ಮುಖ. ಬಲಗಡೆಯ ಅಂಚನ್ನು ಗೆದ್ದಲು ಮೇದಿತ್ತು, ನೀರಿಳಿದು ಅಗಲಕ್ಕೆ ಕಂದು ಕಲೆಯಾಗಿತ್ತು. ಕಲೆಯೊಳಗೆ ಸೀರೆಯಂಥದ್ದೇನೋ ಇತ್ತು. ನಾನು ಸರಿಯಾಗಿ ನೋಡಲೇ ಇಲ್ಲ. ಕಲೆಯ ಉದ್ದಕ್ಕೂ ಗೆರೆ ಎಳೆದು ಕತ್ತರಿಸಿದೆ, ಅದೇ ಹೆಸರಿನಲ್ಲಿ, ಪೂರ್ತಿ ಚಿತ್ರ ಅಳಿಯುವಂತೆ, ಸೇವ್ ಮಾಡಿದೆ. ಹಿಡಿಸಿತು. ಮೊದಲಿಗಿಂತ ಅಚ್ಚುಕಟ್ಟಾಗಿಯೂ ಕಂಡಿತು. ಮೂಲ ಫೋಟೊದ ರಟ್ಟು ಮುಟ್ಟಿದರೆ ಉದುರುತ್ತಿತ್ತು. ಹುಳ ಮಿಕ್ಕ ಫೋಟೊಗಳಿಗೂ ಹತ್ತೀತೆಂದು ಅದನ್ನು ಅಲ್ಲೇ ಅಂಗಡಿಯ ಕಸದ ಡಬ್ಬಿಗೆ ಹಾಕಿ ಬಂದೆ.

"ಅಸಲಿ ಫೋಟೊ ಎಲ್ಲದ?" ಎಂದು ಸಂಜೆ ಅವ್ವ ಕೇಳಿದಳು.

"ಇನ್ಯಾಕವ್ವ ಅದು? ಕಂಪ್ಯೂಟರಿಗೆ ಸೇರಿಸಿದೀನಲ್ಲ. ಇನ್ನು ಯಾವ ಗೆದ್ದಲೂ ಅದನ್ನ ಮುಟ್ಟಲ್ಲ."

ಅವ್ವ ನಂಬಿದಳು. ಅಂಚಿನ ಆ ಕಲೆಯಲ್ಲಿ ಯಾರಾದರೂ ಇರಬಹುದೆಂದು ಅವಳಿಗೂ ಎಂದೂ ಅನಿಸಿರಲಿಲ್ಲ.

ಒಂದು ವರ್ಷದ ಮೇಲೆ ದೊಡ್ಡವ್ವನ ಕಣ್ಣಿಗೆ ಪೊರೆ ಬಂತು. ಹಲಸೂರಿನಲ್ಲಿ ಆಪರೇಷನ್ ಮಾಡಿಸಿ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಅಕ್ಕನಿಗೆ ನೋಟ ಸರಿಯಾಗುವ ದಿನವನ್ನು ಅವ್ವ ಬೆರಳು ಮಡಿಸಿ ಎಣಿಸಿದಳು. ಆ ದಿನ ಬೆಳಿಗ್ಗೆ ಮಾನಿಟರನ್ನು ತಾನೇ ಸೆರಗಿನಿಂದ ಒರೆಸಿ, ದೊಡ್ಡವ್ವನನ್ನು ಕೈಹಿಡಿದು ತಂದು ಕೂರಿಸಿದಳು.

ದೊಡ್ಡವ್ವ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ಇಕಿ ನಮ್ಮ ಸಣ್ಣ ಕಾಕು. ಇಕಿ ಸ್ವಾದರತ್ತಿ. ಇವರಿಬ್ರು ಬೀಗರ ಮಂದಿ." ಮುಂದೆ ಬಲತುದಿಯಲ್ಲಿ ನಿಂತ ಹುಡುಗಿಯನ್ನು ತೋರಿಸಿ, "ಇದು ನಾನು ನೋಡು" ಎಂದು ನಕ್ಕಳು.

"ಮತ್ತ ಅವ್ವ ಎಲ್ಲಿ?" ಅವ್ವ ಇನ್ನಷ್ಟು ಹತ್ತಿರ ಬಾಗಿದಳು.

ದೊಡ್ಡವ್ವ ಚಿತ್ರದಿಂದಾಚೆ, ಮಾನಿಟರಿನ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಬೆರಳಿಟ್ಟಳು. "ಇಲ್ಲಿ ನಿಂತಿದ್ಲಲ್ಲ, ನನ್ನ ಹಿಂದ, ಈ ಬಾಜೂಕ. ಎಲ್ಲಿ ಹೋದ್ಲು? ನೋಡಿಲ್ಲಿ, ನನ್ನ ಹೆಗಲ ಮ್ಯಾಲ ಆಕೀದೇ ಕೈ."

ಹುಡುಗಿಯ ಹೆಗಲ ಮೇಲೆ ನಾಲ್ಕು ಬೆರಳುಗಳಿದ್ದವು. ಬೆರಳುಗಳ ಆಚೆ ಚಿತ್ರವೇ ಮುಗಿದಿತ್ತು. ವರ್ಷವಿಡೀ ಆ ಫೈಲನ್ನು ತೆರೆದು ಮುಚ್ಚಿದ ನನಗೆ ಅವು ಒಮ್ಮೆಯೂ ಕಂಡಿರಲಿಲ್ಲ.

"ಮುಖ ಹ್ಯಾಂಗಿತ್ತಕ್ಕ? ನನ್ನಂಗ ಇದ್ಲಾ?"

ದೊಡ್ಡವ್ವ ಅವ್ವನ ಗದ್ದ ಹಿಡಿದು ಮುಖ ನೋಡಿದಳು. "ನೋಡಿದ್ರ ಇಕೀನೇ ಅಂತ ಹೇಳ್ತೀನಿ. ಹ್ಯಾಂಗಿದ್ಲು ಅಂದ್ರ ಹೇಳ್ಲಾಕ ಬರಲ್ಲ ತಂಗಿ. ಭಾಳ ದಿನ ಆತು."

ಅವ್ವ ನನ್ನ ಕಡೆ ತಿರುಗಿ, ಉಳಿದ ಭಾಗ ಎಲ್ಲಿದೆ ಎಂದಳು. ಆಗಲೇ ಹೇಳಿಬಿಡಬೇಕಿತ್ತು. ನನಗೆ ಭಯವಾಯಿತು, ಅಷ್ಟೇ. "ಬೇರೆ ಫೋಲ್ಡರ್‌ನಲ್ಲಿರ್ಬೇಕು, ಹುಡುಕ್ತೀನಿ" ಎಂದೆ. ಅವ್ವ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅಷ್ಟು ಶ್ರದ್ಧೆಯಿಂದ ಮಾಡಿದ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು, ಇಲ್ಲದ್ದನ್ನು ಮಧ್ಯಾಹ್ನದವರೆಗೆ ಹುಡುಕಿದೆ.

ದೊಡ್ಡವ್ವ ಊರಿಗೆ ಮರಳಿದಳು, ಮರುವರ್ಷ ತೀರಿಕೊಂಡಳು. ಆಮೇಲೆ ಫೋಟೊ ಸಿಕ್ಕಿದ್ದರೂ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಹಿರಿಯರಿಗೆ ಎಡೆ ಇಡುವ ದಿನ ಬಂದರೆ ಅವ್ವ ಮೆಲ್ಲಗೆ ಕೇಳುತ್ತಿದ್ದಳು, "ಸಿಕ್ತೇನು?" ಇನ್ನೂ ಇಲ್ಲ ಎನ್ನುತ್ತಿದ್ದೆ. ಮೊದಲ ದಿನ ಹೇಳಲಾಗದ್ದು ವರ್ಷಗಳಾದ ಮೇಲೆ ಇನ್ನೂ ಕಷ್ಟವಾಯಿತು. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತ್ತು.

ಹೊರಮಾವಿನಲ್ಲಿ ಮೂರನೇ ಮಹಡಿಯ ಮನೆಯೊಂದು ಗೊತ್ತಾಗಿ ನಾವು ಸಾಮಾನು ಕಟ್ಟುವಾಗ ಆ ಕಂಪ್ಯೂಟರ್ ಕೆಟ್ಟು ಎರಡು ವರ್ಷವಾಗಿತ್ತು. ಇನ್ನಾದರೂ ಪೀಡೆ ತೊಲಗಲಿ ಎಂದು ಗುಜರಿಯವನನ್ನು ಕರೆದೆ. ಅವನು ಅದಕ್ಕೆ ಕೈ ಹಾಕಿದ್ದೇ ತಡ, ಅವ್ವ ಅಡುಗೆಮನೆಯಿಂದ ಓಡಿ ಬಂದಳು.

"ಮುಟ್ಟಬ್ಯಾಡಪ್ಪ ಅದನ್ನ! ಅದ್ರಾಗ ನಮ್ಮವ್ವ ಅದಾಳ."

ಗುಜರಿಯವನು ನನ್ನ ಮುಖ ನೋಡಿದ. ಅವನನ್ನು ಕಳಿಸಿಬಿಟ್ಟೆ. ಅದನ್ನು ನಾನೇ ಹೊತ್ತುಕೊಂಡು ಹೊಸ ಮನೆಯ ಮೂರು ಮಹಡಿ ಹತ್ತಿ, ಅವ್ವ ತೋರಿಸಿದ ಜಾಗದಲ್ಲಿ, ದೇವರ ಗೂಡಿನ ಪಕ್ಕ ಇಳಿಸಿದೆ.