ಎಡಮಗ್ಗುಲಿನ ನೀರು

ಏಳು ಗಾದಿ, ಹತ್ತು ದಿಂಬು. ಅರಳೆ ಬಡಿದು, ತುಂಬಿ, ಹೊಲಿದು ಕೊಟ್ಟ ಕೂಲಿ ಮೂರು ರೂಪಾಯಿ ಹತ್ತಾಣೆ. ಗೋಕಾಕದ ಅಡತಿ ವ್ಯಾಪಾರಿ ಮಕಬೂಲಸಾಬರು ಪಿಂಜಾರ ದಾವಲವ್ವನಿಗೆ ಕೊಡಬೇಕಾದ ಈ ದುಡ್ಡು ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯಿಂದ ಬಾಕಿ ಇದೆ. ಕೊಡಬೇಕಾದವರೂ ಹೋದರು, ಇಸಗೊಳ್ಳಬೇಕಾದವಳೂ ಹೋದಳು. ಮರೆತು ಉಳಿದ ಬಾಕಿಯಲ್ಲ ಅದು. ಬೇಕೆಂದೇ ಉಳಿಸಿಕೊಂಡದ್ದು. ಯಾಕೆ ಎಂದು ಹೇಳಿದರೆ ಅರ್ಧ ದಾವಲವ್ವನನ್ನು ಹೇಳಿದ ಹಾಗೆ.

ಕುಲಗೋಡದಲ್ಲಿ ಹುಟ್ಟಿ ಗೋಕಾಕಕ್ಕೆ ಸೊಸೆಯಾಗಿ ಬಂದವಳು. ಗಂಡ ಬಂದಗಿಸಾಬ ಪ್ಲೇಗಿನಲ್ಲಿ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಎರಡು ಹೆಣ್ಣುಮಕ್ಕಳು, ಒಂದು ಬಿಲ್ಲು, ಒಂದು ಕೊಡತಿ. ಪಿಂಜಾರರಲ್ಲಿ ಹೆಂಗಸರು ಗಾದಿ ಹೊಲಿಯುತ್ತಾರೆ. ಬಿಲ್ಲಿನ ತಂತಿಯನ್ನು ಕೊಡತಿಯಿಂದ ಬಡಿದು ಅರಳೆ ಬಿಡಿಸುವುದು ಗಂಡಸಿನ ಕೆಲಸ. ದಾವಲವ್ವ ಗಂಡನ ನಲವತ್ತನೆಯ ದಿನದ ಊಟ ಮುಗಿಸಿದವಳೇ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಪೇಟೆಗೆ ಇಳಿದಳು.

"ಯಾರ ಮ್ಯಾಲ ಯುದ್ಧಕ್ಕ ಹೊಂಟಿ ದಾವಲವ್ವಾ?" ಎಂದು ಕಟ್ಟೆಯ ಮೇಲಿನ ಗಂಡಸರು ನಕ್ಕರು.

"ನಿಮ್ಮ ಗಾದ್ಯಾಗಿನ ತಗಣಿ ಮ್ಯಾಲ್ರಿ. ಮನಿ ಯಾವುದು ತೋರಸ್ರಿ" ಎಂದಳು. ಅಂದೇ ಎರಡು ಗಾದಿಯ ಕೆಲಸ ಸಿಕ್ಕಿತು.

ಪಿಂಜಾರರ ಮನೆಮಾತು ಕನ್ನಡ. ಅಳುವುದು, ಬೈಯುವುದು, ಲಾಲಿ ಹಾಡುವುದು ಎಲ್ಲ ಕನ್ನಡದಲ್ಲೇ. ಉರ್ದು ಆಡುವ ದೊಡ್ಡ ಮನೆಯ ಹೆಂಗಸರಿಗೆ ಇದು ನಗೆಯ ವಿಷಯ. "ಇವರ ನಮಾಜೂ ಕನ್ನಡದಾಗ ಏನ?" ಎಂದು ಗಾದಿ ತುಂಬಲು ಹೋದಾಗಲೆಲ್ಲ ಕೆಣಕುತ್ತಿದ್ದರು. ದಾವಲವ್ವನಿಗೆ ಬಾಯಿಪಾಠ ಬರುತ್ತಿದ್ದದ್ದು ಕುರಾನಿನ ನಾಲ್ಕು ಸಣ್ಣ ಸೂರಾ ಮಾತ್ರ. ಅವುಗಳ ಅರ್ಥ ಏನೆಂದು ಒಮ್ಮೆ ಮಸೀದಿಯ ಮುಲ್ಲಾ ಇಮಾಮಸಾಬನನ್ನು ಕೇಳಿದ್ದಳು.

"ಅರ್ಥ ಆಮ್ಯಾಲ. ಮೊದಲ ಉಚ್ಚಾರ ಸುದ್ದ ಮಾಡಕೋ."

"ಅರ್ಥ ಗೊತ್ತಿಲ್ಲದ ಬಾಯಿ ಆಡಸಾಕ ನಾ ಏನ ಮೆಲಕ ಹಾಕೂ ಎಮ್ಮೀನೇನ್ರಿ?" ಎಂದು ಎದ್ದು ಬಂದಳು.

ಮುಲ್ಲಾ ಕೊಡದ ಅರ್ಥವನ್ನು ಅವಳ ಅತ್ತೆ ಕೊಟ್ಟಿದ್ದಳು. ಅತ್ತೆ ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು. ಆ ಕೆಲಸವನ್ನು ಸೊಸೆಯ ಕೈಗೆ ದಾಟಿಸಿಯೇ ಕಣ್ಣು ಮುಚ್ಚಿದಳು. ಅದರ ಕಟ್ಟಳೆ ಬಹಳ ಬಿಗಿ. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರು, ಉಗುರು ಬೆಚ್ಚಗೆ ಇರಬೇಕು. ಸತ್ತವಳಿಗೆ ಸುಡುತ್ತದೆಯೇ ಎಂದು ಕೇಳುವ ಹಾಗಿಲ್ಲ, ಸುಡುತ್ತದೆ ಎಂದೇ ತಿಳಿಯಬೇಕು. ಮೈಮೇಲೆ ಒಂದು ಬಟ್ಟೆ ಹೊದಿಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಆ ಹೊದಿಕೆಯ ಒಳಗೇ ಕೈಯಾಡಿಸಿ ತೊಳೆಯಬೇಕು. ಹೆಣವೆಂದು ಬತ್ತಲೆ ಮಾಡುವಂತಿಲ್ಲ. ಮೊದಲು ಬಲಮಗ್ಗುಲು, ಆಮೇಲೆ ಎಡಮಗ್ಗುಲು. ಕೊನೆಯ ನೀರಿಗೆ ಕರ್ಪೂರ. ಕೂದಲಿಗೆ ಮೂರು ಹೆಳಲು. ಮೈಮೇಲೆ ಹುಣ್ಣು ಕಂಡರೂ, ಬಾಸುಂಡೆ ಕಂಡರೂ ಹೊರಗೆ ಬಂದು ಬಾಯಿ ಬಿಡುವಂತಿಲ್ಲ. ಇದಕ್ಕೆ ದುಡ್ಡು ಮುಟ್ಟುವಂತಿಲ್ಲ ಎಂಬುದು ಅತ್ತೆಯದೇ ನೇಮ.

ಅಲ್ಲಾಹ್ ಮನುಷ್ಯನಿಗೆ ಎಷ್ಟು ಬೆಲೆ ಕಟ್ಟಿದ್ದಾನೆ ಎಂಬುದು ದಾವಲವ್ವನಿಗೆ ಹೆಣ ಮಲಗಿಸುವ ಹಲಗೆಯ ಮುಂದೆ ಕೂತಾಗ ತಿಳಿಯಿತು. ಉಸಿರಿಲ್ಲದ ಮೈಗೇ ಇಷ್ಟು ಮರ್ಯಾದೆ ಹೇಳಿದವನು ಉಸಿರಿದ್ದವರಿಗೆ ಎಷ್ಟು ಹೇಳಿರಬೇಡ? ಅದನ್ನು ಅವಳು ಯಾರಿಗೂ ಉಪದೇಶ ಮಾಡಲಿಲ್ಲ. ಅವಳಿಗೆ ಪುರಸೊತ್ತೂ ಇರಲಿಲ್ಲ.

ಹದಿನೆಂಟರ ಜ್ವರ ಬಂತು. ಘಟಪ್ರಭೆಯ ಎರಡೂ ದಂಡೆಯಲ್ಲಿ ಮನೆಗೊಂದು ಹೆಣ. ಬಿಳಿಜೋಳ ಬಿತ್ತುವ ಹೊತ್ತಿಗೆ ಹೊಲಕ್ಕಿಂತ ಹೆಚ್ಚು ನೆಲವನ್ನು ಗೋರಿಗಾಗಿ ಅಗೆದರು ಎಂದು ಮಂದಿ ಆಡಿಕೊಂಡರು. ಆ ದಿನಗಳ ಒಂದು ಮುಂಜಾನೆ ಊರಿನ ಪಾಯಖಾನೆ ಬಳಿಯುವ ಹಲಾಲಖೋರ ಬುಡನಸಾಬ ಜ್ವರದಲ್ಲೇ ತೂರಾಡುತ್ತ ಬಂದು ದಾವಲವ್ವನ ಬಾಗಿಲಿನಿಂದ ಹತ್ತು ಮಾರು ದೂರ ನಿಂತ. ಹತ್ತಿರ ಬಂದು ಅವನಿಗೆ ಅಭ್ಯಾಸವಿರಲಿಲ್ಲ.

"ಲಾಲಬಿ ಹೋದಳ್ರೆವ್ವಾ" ಎಂದ.

ಲಾಲಬಿ ಅವನ ಹೆಂಡತಿ. ಇಪ್ಪತ್ತು ವರ್ಷ ಊರಿನ ಹೊಲಸಿನ ಬುಟ್ಟಿಯನ್ನು ಎಡಸೊಂಟದ ಮೇಲೆ ಹೊತ್ತವಳು. ಕಲಿಮಾ ಓದಿದವಳೇ, ರೋಜಾ ಉಪವಾಸ ಹಿಡಿದವಳೇ. ಆದರೆ ಮುಸಲ್ಮಾನರ ಓಣಿಯ ಬಾವಿಯಲ್ಲಿ ಅವಳ ಕೊಡ ಇಳಿಯುತ್ತಿರಲಿಲ್ಲ. ಯಾರಾದರೂ ದೊಡ್ಡ ಮನಸ್ಸು ಮಾಡಿ ಮೇಲಿನಿಂದ ನೀರು ಸುರಿದರೆ ಉಂಟು.

ದಾವಲವ್ವ ಎದ್ದಳು. ಹೆಣಕ್ಕೆ ಸುತ್ತುವ ಕಫನಿಗೆ ಬಟ್ಟೆ ಇರಲಿಲ್ಲ. ಯುದ್ಧದ ಕಾಲ, ಬಟ್ಟೆಯ ದರ ಮುಗಿಲು ಮುಟ್ಟಿತ್ತು. ತನ್ನ ಪೆಟ್ಟಿಗೆಯಲ್ಲಿದ್ದ ಮಂಜರಪಾಟದ ತುಂಡನ್ನು ಎಳೆದುಕೊಂಡಳು. ಹಲಾಲಖೋರರ ಗುಡಿಸಲಲ್ಲಿ ಕಟ್ಟಿಗೆಯೂ ಇಲ್ಲ. ಮಗ್ಗುಲ ಓಣಿಯ ಗಾಣಿಗರ ತಾಯವ್ವ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮುದುಕಿ, ತನ್ನ ಒಲೆಯ ಮೇಲೆ ಹಂಡೆ ಇಟ್ಟು ಬಾರಿ ಎಲೆಯ ನೀರು ಕಾಯಿಸಿ ಕೊಟ್ಟಳು.

"ನೀವು ಮಲಕೊಂಡ ಮಣ್ಣಿಗೆ ಹೋಗ್ತೀರಿ, ನಾವು ಕುಂತ ಹೋಗ್ತೀವಿ. ಅಟ್ಟs ಫರಕ" ಎಂದಳು ಹಂಡೆ ಇಳಿಸುತ್ತ.

"ಕುಂತವರಿಗೆ ಅಲ್ಲೀನೂ ಗಾದಿ ಬೇಕಾದೀತು ಯವ್ವಾ, ಹೇಳಿ ಕಳಸು" ಎಂದಳು ದಾವಲವ್ವ.

ಗುಡಿಸಲ ಮುಂದೆ ಹಳೆಯ ಜಮಖಾನೆ ಕಟ್ಟಿ ಮರೆ ಮಾಡಿದರು. ಒಳಗೆ ಲಾಲಬಿಯ ಮಗಳು ಮದಾರಬಿ ನೀರು ಎತ್ತಿ ಕೊಟ್ಟಳು, ದಾವಲವ್ವ ಹಾಕಿದಳು. ಬಲಮಗ್ಗುಲು ಮುಗಿಯುವ ಹೊತ್ತಿಗೆ ಮಕಬೂಲಸಾಬರ ಆಳು ಓಡಿ ಬಂದ. ಸಾಹೇಬರ ತಾಯಿ ಬೆಳಗಿನ ಜಾವ ತೀರಿಕೊಂಡಿದ್ದಾರೆ, ಈಗಿಂದೀಗ ಬರಬೇಕಂತೆ.

"ಬರ್ತೇನಿ ಅನ್ನು" ಎಂದಳು. ಆಳು ಹೋದ. ಸ್ವಲ್ಪ ಹೊತ್ತಿಗೆ ಸಾಹೇಬರ ಅಳಿಯ ಬಂದು ಗದರಿಸಿ ಹೋದ. ಮೂರನೆಯ ಸಲ ಜಮಖಾನೆಯ ಆಚೆ ಹೊಸ ಚಡಾವಿನ ಹೆಜ್ಜೆ ಸಪ್ಪಳ ಕೇಳಿಸಿತು. ಮಸೀದಿಯ ಆಡಳಿತ ನೋಡುವ ಮುತವಲ್ಲಿ, ಮೂರು ಅಡತಿ ಅಂಗಡಿಯ ಒಡೆಯ ಮಕಬೂಲಸಾಬರು ತಾವೇ ಬಂದು ನಿಂತಿದ್ದರು. ಆ ಓಣಿಯಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು.

"ದಾವಲವ್ವಾ, ನಾ ಮಕಬೂಲ. ಏಳು, ನಡಿ."

"ಬರ್ತೇನ್ರಿ ಸಾಹೇಬ್ರ. ಬಲಮಗ್ಗಲ ಆಗೇತಿ, ಎಡಮಗ್ಗಲ ಉಳದೈತಿ."

"ಅದನ್ನ ಆಮ್ಯಾಲ ಮಾಡು. ಇದೇನ ಎದ್ದು ಓಡಿ ಹೋಗತೈತೇನ?"

"ನಿಮ್ಮ ಅಮ್ಮಾನೂ ಓಡಿ ಹೋಗಂಗಿಲ್ಲಲ್ರಿ."

ಮಕಬೂಲಸಾಬರ ದನಿ ಸಣ್ಣಗಾಯಿತು. ಅವರ ಸಿಟ್ಟಿನ ಗುರುತು ಅದು.

"ನನ್ನ ಬಾಗಿಲದಾಗ ನಲವತ್ತು ಮಂದಿ ನಿಂತಾರ. ಯಾರನ್ನ ಕಾಯಸಾಕತ್ತಿ ಗೊತ್ತೈತೇನ? ಏಳು ಗಾದಿ ಕೂಲಿ ನನ್ನ ಕೈಯಾಗೈತಿ, ನೆನಪಿರ್ಲಿ. ನಾ ಒಂದ ಮಾತ ಅಂದ್ರ ಪ್ಯಾಟ್ಯಾಗ ನಿನಗ ದಿಂಬಿನ ಕೆಲಸಾನೂ ಸಿಗಂಗಿಲ್ಲ."

ದಾವಲವ್ವನ ಕೈ ನಿಂತಿತು. ಸುಳ್ಳು ಹೇಳಬಾರದು, ಅವಳ ಮೊಳಕಾಲು ಅರ್ಧ ಎದ್ದಿತ್ತು. ಆ ಮೂರು ರೂಪಾಯಿ ಹತ್ತಾಣೆ ಎಂದರೆ ಮನೆಯ ಜೋಳ. ಜ್ವರದಿಂದ ಈಗಷ್ಟೇ ಎದ್ದ ಹೆಣ್ಣುಮಕ್ಕಳು ಅಂಬಲಿಯ ಮೇಲೆ ಬದುಕಿದ್ದವು. ಲಾಲಬಿ ಏನು ಬೈಯುವವಳೂ ಅಲ್ಲ, ಮುನಿಯುವವಳೂ ಅಲ್ಲ. ಇಡೀ ಬದುಕು ಕಾದವಳು ಇನ್ನೊಂದು ತಾಸು ಕಾಯುತ್ತಿದ್ದಳು.

ಅದೇ ವಿಚಾರ ಅವಳನ್ನು ಮತ್ತೆ ಕೂಡಿಸಿತು. ಇನ್ನೂ ಎಷ್ಟು ಕಾಯಬೇಕು? ನೀರು ಬೀಳಬೇಕಾಗಿ ಉಳಿದದ್ದು ಎಡಮಗ್ಗುಲು. ಊರಿನ ಬುಟ್ಟಿ ಕುಳಿತದ್ದು ಅದೇ ಮಗ್ಗುಲಲ್ಲಿ. ಮಕಬೂಲಸಾಬರ ಮನೆಯದೂ ಅದರಲ್ಲಿತ್ತು. ಎಲ್ಲರಿಗಿಂತ ಮೊದಲು ಅದಕ್ಕೆ ನೀರು ಸಲ್ಲಬೇಕು.

"ಸಾಹೇಬ್ರ, ಕೂಲಿ ಜೀವಂತ ಇದ್ದವರ ಮಾತು. ಅದನ್ನ ಇಲ್ಲಿ ತರಬ್ಯಾಡ್ರಿ" ಎಂದಳು. "ಅರ್ಧಾ ತೊಳದು ಬಿಟ್ಟು ಬಂದ ಕೈಯಿಂದ ನಿಮ್ಮ ಅಮ್ಮಾಗ ನೀರ ಹಾಕಸ್ತೀರೇನ? ಇಲ್ಲಿ ಮುಗದ ಕೂಡ್ಲೆ ಬರ್ತೇನಿ. ಈ ಜಮಖಾನಿ ಸರಿಸಿ ಗಂಡಸರು ಒಳಗ ಬರಂಗಿಲ್ಲ, ಅದು ನಿಮಗs ಗೊತ್ತೈತಿ."

ಗೊತ್ತಿತ್ತು. ಊರಿನಲ್ಲಿ ಅವರು ದಾಟಲಾರದ ಬಾಗಿಲು ಇರಲಿಲ್ಲ, ತೂತು ಬಿದ್ದ ಆ ಜಮಖಾನೆಯೊಂದನ್ನು ಬಿಟ್ಟು. ನಿಂತರು, ಕೆಮ್ಮಿದರು, ಹೋದರು. ದಾವಲವ್ವ ನೀರು ಕೇಳಿದಳು. ಮದಾರಬಿ ತುಂಬಿದ ಚೆಂಬನ್ನು ತುಳುಕಿಸುತ್ತ ಚಾಚಿದಳು. "ಚಲ್ಲಬ್ಯಾಡ, ನಿಮ್ಮವ್ವನ ಪಾಲಿಂದು" ಎಂದಳು ದಾವಲವ್ವ. ಎಡಮಗ್ಗುಲನ್ನು ಹೆಗಲಿನಿಂದ ಹಿಮ್ಮಡಿಯ ತನಕ ತೊಳೆದಳು, ಅವಸರವಿಲ್ಲದೆ. ಕರ್ಪೂರದ ನೀರು ಹಾಕಿದಳು. ಮೂರು ಹೆಳಲು ಹಾಕಿದಳು. ಕಫನು ಸುತ್ತಿ ಕಟ್ಟಿ, ಮೇಲೆದ್ದು, ನೇರ ಮಕಬೂಲಸಾಬರ ಮನೆಗೆ ನಡೆದಳು.

ಅಲ್ಲಿ ಇನ್ನೊಂದು ಅನಾಹುತ ಆಗಿತ್ತು. ಕಾಯಲಾರದೆ ಮನೆಯ ಹೆಂಗಸರೇ ಸ್ನಾನಕ್ಕೆ ಕೈಹಾಕಿದ್ದರು. ಉರ್ದು ಓದಿದವರು, ಇಡೀ ಯಾಸೀನ್ ಸೂರಾ ಬಾಯಿಪಾಠ ಇದ್ದವರು. ಹೆಣವನ್ನು ಮಾತ್ರ ಎಂದೂ ಮುಟ್ಟಿದವರಲ್ಲ. ಬಟ್ಟೆಯೆಲ್ಲ ತೆಗೆದು ಮುದುಕಿಯನ್ನು ಹಲಗೆಯ ಮೇಲೆ ಬತ್ತಲೆ ಮಲಗಿಸಿ, ಯಾವ ಕಡೆಯಿಂದ ಶುರು ಮಾಡುವುದೆಂದು ತಿಳಿಯದೆ ಸುತ್ತ ನಿಂತು ನೋಡುತ್ತಿದ್ದರು. ದಾವಲವ್ವ ಒಳಗೆ ಬಂದವಳೇ ತನ್ನ ಮೈಮೇಲಿನ ದುಪ್ಪಟಿಯನ್ನು ತೆಗೆದು ಮುದುಕಿಯ ಮೇಲೆ ಎಸೆದಳು.

"ಕಣ್ಣ ಕೆಳಗ ಮಾಡ್ರಿ ಎಲ್ಲಾರೂ!" ಎಂದು ಗದರಿಸಿದಳು. "ನಿಮ್ಮ ಅತ್ತಿ ಜೀವಂತ ಇದ್ದಾಗ ಹಿಂಗ ನೋಡತಿದ್ದಿರೇನ?"

ಅವಳ ಕನ್ನಡಕ್ಕೆ ನಗುತ್ತಿದ್ದವರು ಕಣ್ಣು ಕೆಳಗೆ ಮಾಡಿದರು. ದೊಡ್ಡ ಸೊಸೆ ಖೈರುನ್ನಿಸಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಚೆಂಬು ಹಿಡಿದು ಬಗ್ಗಿದಳು. "ನಾ ನೀರ ಕೊಡ್ತೇನಿ, ನನಗ ಕಲಸ್ರಿ" ಎಂದಳು. 'ರಿ' ಹಚ್ಚಿ ಮಾತಾಡಿಸಿದ್ದು ಅದೇ ಮೊದಲು. ಲಾಲಬಿಗೆ ಹಾಕಿದಷ್ಟೇ ನೀರು, ಅಷ್ಟೇ ಬೆಚ್ಚಗೆ, ಮುದುಕಿಗೂ ಬಿತ್ತು. ಒಂದು ಚೆಂಬು ಕಡಿಮೆಯಿಲ್ಲ, ಒಂದು ಚೆಂಬು ಹೆಚ್ಚಿಲ್ಲ. ಮಗನ ಸಿಟ್ಟನ್ನು ತಾಯಿಯ ಮೇಲೆ ತೀರಿಸುವ ಜಾತಿಯವಳಲ್ಲ ದಾವಲವ್ವ.

ಮಧ್ಯಾಹ್ನ ಮಸೀದಿಯ ಮುಂದಿನ ಬಯಲಿಗೆ ಮುದುಕಿಯ ಹೆಣ ಹೊತ್ತ ಜನಾಜಾ ಬಂತು. ಲಾಲಬಿಯದು ಆಗಲೇ ಬಂದು ಒಂದು ಮೂಲೆಯಲ್ಲಿ ಕಾಯುತ್ತಿತ್ತು, ಯಾಕೆಂದರೆ ಮುಲ್ಲಾ ಇಮಾಮಸಾಬನಿಗೂ ಜ್ವರ, ದಿನಕ್ಕೆ ಒಂದೇ ಸಲ ಹೊರಬರುತ್ತೇನೆ ಎಂದಿದ್ದ. ದಾವಲವ್ವ ಹೆಂಗಸರ ಜೊತೆ, ಬಯಲಿಗೆ ಮುಖ ಮಾಡಿದ ಮಕಬೂಲಸಾಬರ ಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಮುತವಲ್ಲಿ ಏನೋ ಹೇಳಿದರು. ಕಂಬಳಿ ಹೊದ್ದ ಮುಲ್ಲಾನ ಕಿರಿಚು ದನಿ ಕಿಟಕಿಯ ತನಕ ಕೇಳಿಸಿತು.

"ಎರಡ ಸಲ ನಿಲ್ಲೂ ತಾಕತ್ತ ನನಗಿಲ್ರಿ. ಎರಡೂ ಬಾಜೂ ಬಾಜೂ ಇಡ್ರಿ. ಬ್ಯಾರೆ ಬ್ಯಾರೆ ಆಗಬೇಕಂದ್ರ ನೀವs ಮುಂದ ನಿಂತು ನಮಾಜ ಓದಸ್ರಿ, ಸಾಹೇಬ್ರ."

ಓದಿಸಲು ಸಾಹೇಬರಿಗೆ ಬರುತ್ತಿರಲಿಲ್ಲ. ಎರಡು ಜನಾಜಾ ಒಂದೇ ಸಾಲಿನಲ್ಲಿ ಬಂದವು. ಅಡತಿಯವರು, ಇನಾಮದಾರರು, ಅವರ ಅಳಿಯಂದಿರು, ಹಿಂದಿನ ಸಾಲಿನಲ್ಲಿ ಹಲಾಲಖೋರರು, ಎಲ್ಲರೂ ಲಾಲಬಿಯ ಮುಂದೆ ಕೈಕಟ್ಟಿ ನಿಂತರು. ಅವಳ ಬುಟ್ಟಿ ಕಂಡರೆ ಮೂಗು ಮುಚ್ಚಿ ಗೋಡೆಗೆ ಸರಿಯುತ್ತಿದ್ದವರು ಅವಳಿಗಾಗಿ ದುವಾ ಕೇಳಿದರು. ಕಿಟಕಿಯಲ್ಲಿ ದಾವಲವ್ವ ಅಳಲಿಲ್ಲ. ಒದ್ದೆಯಾದ ಕುಪ್ಪಸದ ತೋಳನ್ನು ಹಿಂಡಿಕೊಂಡು, ಎದೆ ಸೆಟೆಸಿ ನಿಂತಳು. ಹಿಂದೊಮ್ಮೆ ಮುಲ್ಲಾನನ್ನು ಕೇಳಿದ್ದ ಅರ್ಥ ಬಯಲಿನಲ್ಲಿ ಸಾಲಾಗಿ ನಿಂತಿತ್ತು.

ನಮಾಜು ಮುಗಿಯಿತು. ಮುದುಕಿಯ ಜನಾಜಾಕ್ಕೆ ನಲವತ್ತು ಹೆಗಲು ನೂಕಾಡಿದವು. ಲಾಲಬಿಯದನ್ನು ಎತ್ತಿದ್ದು ನಾಲ್ಕೇ: ಜ್ವರದ ಬುಡನಸಾಬ, ಅವನ ತಮ್ಮ, ಇನ್ನಿಬ್ಬರು ಅವರವರೇ. ಹಾದಿಯಲ್ಲಿ ಬುಡನಸಾಬ ಎರಡು ಸಲ ಕುಸಿದ. ಮುಂದೆ ಹೋಗುತ್ತಿದ್ದ ಗುಂಪಿನಿಂದ ಒಬ್ಬನೂ ಹಿಂದೆ ಬರಲಿಲ್ಲ. ಅದನ್ನೂ ದಾವಲವ್ವ ನೋಡಿದಳು.

ಮಕಬೂಲಸಾಬರು ತಮ್ಮ ಮಾತು ಉಳಿಸಿಕೊಂಡರು, ಕೂಲಿ ಕೊಡಲಿಲ್ಲ. ಪೇಟೆಯಲ್ಲಿ ದಿಂಬಿನ ಕೆಲಸವೂ ನಿಂತಿತು. ದಾವಲವ್ವ ಒಮ್ಮೆಯೂ ಅವರ ಅಂಗಡಿಯ ಮೆಟ್ಟಿಲು ಹತ್ತಿ ಕೈಚಾಚಲಿಲ್ಲ. ಬಿಲ್ಲು ಹೊತ್ತು ಹಳ್ಳಿಗೆ ನಡೆದಳು: ಕುಲಗೋಡ, ತುಕ್ಕಾನಟ್ಟಿ, ಅತ್ತ ಹುಕ್ಕೇರಿ ಕಡೆ ಬೆಲ್ಲದ ಬಾಗೇವಾಡಿಯ ತನಕ. ಒಕ್ಕಲಿಗರ ಪಡಸಾಲೆಯಲ್ಲಿ ಕೂತು ಅರಳೆ ಬಡಿದಳು, ಕೂಲಿಗೆ ಜೋಳ ಅಳೆಸಿಕೊಂಡಳು. ತುಕ್ಕಾನಟ್ಟಿಯಲ್ಲಿ ಉದ್ದವ್ವ ಎಂಬ ಗೌಡತಿ ಮೂಗು ಮುರಿದಳು.

"ಹೆಣಾ ತೊಳ್ಯೂ ಕೈಯಿಂದ ನಮ್ಮ ಗಾದಿ ತುಂಬತಿಯೇನ?"

"ಈ ಕೈಯಷ್ಟು ಸಲ ತೊಳಕೊಂಡ ಕೈ ನಿಮ್ಮೂರಾಗ ಯಾವುದೈತಿ ತೋರಸ್ರಿ, ಬಿಲ್ಲ ಇಲ್ಲೇ ಬಿಟ್ಟ ಹೋಗ್ತೇನಿ."

ಉದ್ದವ್ವ ನಕ್ಕು ಅರಳೆ ಮೂಟೆ ಬಿಚ್ಚಿದಳು. ಆಮೇಲೆ ವರ್ಷವರ್ಷ ಆ ಮನೆಯ ಕೆಲಸ ದಾವಲವ್ವನದೇ.

ಎಲ್ಲಿ ಸಾವಿನ ಸುದ್ದಿ ಬಂದರೂ ಬಿಲ್ಲು ಕೆಳಗಿಟ್ಟು ಬಂದಳು. ಹೆಸರು ಮೊದಲು ಕೇಳಲಿಲ್ಲ, ಯಾರ ಕರೆ ಮೊದಲು ಬಂತು ಎಂಬುದನ್ನಷ್ಟೇ ನೋಡಿದಳು. ಸಾಯುವ ತನಕ ಹನ್ನೊಂದು ಹೆಂಗಸರಿಗೆ ಕೆಲಸ ಕಲಿಸಿದಳು. ಮೊದಲನೆಯವಳು ಮದಾರಬಿ, ಎರಡನೆಯವಳು ಖೈರುನ್ನಿಸಾ. ಹಲಾಲಖೋರರವಳೂ ಮುತವಲ್ಲಿ ಮನೆಯವಳೂ ಒಂದೇ ಹಲಗೆಯ ಎರಡು ಕಡೆ ಕೂತು ಒಂದೇ ಹಂಡೆಯ ನೀರು ಮೊಗೆಯುವುದನ್ನು ಗೋಕಾಕ ನೋಡಿತು. ನಲವತ್ಮೂರನೆಯ ಇಸವಿಯಲ್ಲಿ ದಾವಲವ್ವನಿಗೆ ನೀರು ಹಾಕಿದ್ದೂ ಆ ಇಬ್ಬರೇ.

ಹಾಸಿಗೆ ಹಿಡಿದ ದಿನಗಳಲ್ಲಿ ಅವಳು ಅವರಿಗೆ ಹೇಳಿದ್ದು: "ನೀರ ಹಾಕೂದು ನನ್ನ ಕೈಯಾಗಿತ್ತು, ಹಾಕಿದ್ನಿ. ಹೆಗಲ ಕೊಡೂದು ನನ್ನ ಕೈಯಾಗಿರಲಿಲ್ಲ. ಹೆಣ್ಣ ಹೆಗಲ ಕೊಡಂಗಿಲ್ಲ ಅಂತಾರ. ಆ ಕೆಲಸ ಹಂಗs ಉಳೀತು."

ಹಾಗೇ ಉಳಿದಿದೆ, ಇಂದಿಗೂ. ಹಿಂದೂ ಇರಲಿ, ಮುಸಲ್ಮಾನ ಇರಲಿ, ಯಾರ ಓಣಿಯಲ್ಲೂ ಬೇರೆಯಿಲ್ಲ. ಆದ್ದರಿಂದ ಇದನ್ನು ಓದಿದವರು "ಭಾರೀ ಹೆಣ್ಣುಮಗಳು" ಎಂದು ಹೊಗಳಿ ಪುಸ್ತಕ ಮುಚ್ಚಬೇಡಿ. ನಿಮ್ಮ ಗಟಾರ ಬಳಿಯುವವರ ಮನೆಯಲ್ಲಿ ನಾಳೆ ಸಾವಾದರೆ ಹೋಗಿ. ದೂರ ನಿಂತು ಕೈಮುಗಿದು ತಿರುಗಿ ಬರಬೇಡಿ, ಅಲ್ಲಿ ನಾಲ್ಕು ಮಂದಿ ಇದ್ದೇ ಇರುತ್ತಾರೆ ಎನ್ನಬೇಡಿ. ಅಂಗಿಯ ಮಡಿಕೆ ಕೆಟ್ಟರೂ ಕೆಡಲಿ, ಐದನೆಯವರಾಗಿ ನಿಂತು ಹೆಗಲು ಕೊಡಿ.