ಸುರಂಗ ಬಿಟ್ಟು ಘಟ್ಟ ಹತ್ತಿದ ಗುರುಗಳು

ನಮ್ಮವರ ನಿಲುವಂಗಿಯ ತೋಳು ಕೊಡವಿದರೆ ಸುಗಿ ಮರದ ಒಣ ಸೂಜಿಯೆಲೆ ಉದುರುತ್ತಿತ್ತು. ಸುರಂಗದ ದಾರಿಯಲ್ಲಿ ಸುಗಿ ಮರವಿಲ್ಲ, ಅದಿರುವುದು ಘಟ್ಟದ ಹಳೇ ದಾರಿಯಲ್ಲಿ. ಗೊತ್ತಿದ್ದೂ ನಾನು ಊರಲ್ಲಿ ಯಾರಿಗೂ ಹೇಳದೆ ಸುಮ್ಮನಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮವರು ಅಂದರೆ ಶುಂಜೋ, ಈ ಕಣಿವೆಯ ಬೌದ್ಧ ದೇಗುಲದ ಗುರುಗಳು. ಅಜ್ಜ, ಅಪ್ಪ, ಆಮೇಲೆ ಇವರು. ಹದಿನೇಳನೇ ವಯಸ್ಸಿಗೆ ಬೈಕು ಬೇಕೆಂದಾಗ, ತಲೆ ಬೋಳಿಸಿಕೊಳ್ಳಬೇಕಾದವನಿಗೆ ಇದೊಂದು ಕೇಡು ಎಂದು ಮಾವನವರು ಬಾಯಿ ಮುಚ್ಚಿಸಿದ್ದರಂತೆ. ಮಾವ ತೀರಿಕೊಂಡ ವರ್ಷ ಇವರಿಗೆ ನಲವತ್ತಾರು. ಅದೇ ವರ್ಷ ಇನ್ನೂರೈವತ್ತು ಸಿಸಿಯ ಹಳೇ ಬೈಕೊಂದು ಮನೆಗೆ ಬಂತು. ಊರವರಿಗೆ ಹೇಳಿದ್ದು ಓಬೋನ್ ದಿನಗಳ ಓಡಾಟಕ್ಕೆ ಎಂದು. ಆಗಸ್ಟ್ ಹದಿಮೂರರಿಂದ ಹದಿನಾರರವರೆಗಿನ ಆ ನಾಲ್ಕು ದಿನ ತೀರಿಕೊಂಡ ಹಿರಿಯರು ಮನೆಗೆ ಬರುತ್ತಾರೆ, ಗುರುಗಳು ಮನೆಮನೆಗೂ ಹೋಗಿ ಹಿರಿಯರ ಗೂಡಿನ ಮುಂದೆ ಸೂತ್ರ ಓದಬೇಕು. ದಿನಕ್ಕೆ ಇಪ್ಪತ್ತು ಮನೆ, ಕಾರು ನುಗ್ಗದ ಓಣಿಗಳು. ಮಾತು ಸುಳ್ಳಲ್ಲ. ವರ್ಷದ ಉಳಿದ ದಿನಗಳ ಬಗ್ಗೆ ಯಾರೂ ಕೇಳಲಿಲ್ಲ ಅಷ್ಟೇ.

ಬಿಡುವಾದ ಬೆಳಿಗ್ಗೆಗಳಲ್ಲಿ ಘಟ್ಟದ ತುದಿಗೆ ಹೋಗಿ ಹಾಗೇ ವಾಪಸು ಬರುತ್ತಿದ್ದರು. ಅಲ್ಲಿ ಚಹಾದಂಗಡಿಯಿಲ್ಲ, ನಿಂತು ನೋಡುವಂಥದ್ದೇನೂ ಇಲ್ಲ. ಅಷ್ಟು ದೂರ ಹೋಗಿ ಏನು ಮಾಡ್ತೀರಿ ಎಂದು ಒಮ್ಮೆ ಕೇಳಿದೆ. "ತಿರುಗಿಸ್ಕೊಂಡು ಬರ್ತೀನಿ" ಎಂದರು. ನಲವತ್ತೆರಡು ತಿರುವು. ಗೇರು ಇಳಿಸಿ, ಮೈ ವಾಲಿಸಿ, ತಿರುವಿನ ಕೊನೆ ಕಂಡ ಕೂಡಲೇ ವೇಗ ಕೊಡುವುದು. ಆ ಹೊತ್ತಿನಲ್ಲಿ ತಲೆಯೊಳಗೆ ಒಂದು ಯೋಚನೆಯೂ ಇರುವುದಿಲ್ಲವಂತೆ. ಮೂವತ್ತು ವರ್ಷ ಧ್ಯಾನಕ್ಕೆ ಕೂತು ಮಂಡಿ ಸವೆಸಿದ್ದು ದಂಡವಾಯಿತಲ್ಲ ಎಂದು ಛೇಡಿಸಿದೆ. ಮುಖ ಕೆಂಪಾಯಿತು. ಆದರೆ ಘಟ್ಟ ಹತ್ತಿಳಿದ ದಿನ ಒಂದು ಬಟ್ಟಲು ಅನ್ನ ಹೆಚ್ಚು ಉಣ್ಣುತ್ತಿದ್ದರು, ನನ್ನ ಮೇಲೆ ರೇಗುತ್ತಿರಲಿಲ್ಲ. ಸೂಜಿಯೆಲೆ ಗುಡಿಸಿ ಹಾಕಿ ನಾನು ಬಾಯಿ ಮುಚ್ಚಿಕೊಂಡದ್ದು ಅದಕ್ಕೇ. ನನಗೂ ಅದರಲ್ಲಿ ಲಾಭವಿತ್ತು.

ಹೋದ ವರ್ಷದ ಓಬೋನಿನ ಎರಡನೇ ದಿನ. ಘಟ್ಟದಾಚೆಯ ಹಳ್ಳಿಯಲ್ಲಿ ತೊಕು ಎಂಬ ಎಂಬತ್ತನಾಲ್ಕರ ಅಜ್ಜಿ ಇದ್ದಾರೆ. ಅವರ ಗಂಡ ತಮೊತ್ಸು ಚಳಿಗಾಲದಲ್ಲಿ ಹೋಗಿಬಿಟ್ಟಿದ್ದರು. ಸತ್ತವರ ಮೊದಲ ಓಬೋನ್ ಅಂದರೆ ಸಣ್ಣ ಮಾತಲ್ಲ, ಅದು ಒಂದೇ ಸಲ ಬರುವುದು. ಆ ಮನೆಯಲ್ಲಿ ಇಡೀ ಸೂತ್ರ ಓದಬೇಕು, ಒಂದು ಊದುಬತ್ತಿ ಪೂರ್ತಿ ಉರಿದು ಮುಗಿಯುವಷ್ಟು ಹೊತ್ತು. ಸುರಂಗದಲ್ಲಿ ಹೋದರೆ ಹತ್ತು ನಿಮಿಷದ ದಾರಿ. ನಮ್ಮವರು ಘಟ್ಟ ಹತ್ತಿದರು. ನಸುಕಿಗೆ ಮಳೆ ಬಿದ್ದು ನಿಂತಿತ್ತು, ರಸ್ತೆ ಒಣಗಿತ್ತು, ಗಾಳಿ ತಣ್ಣಗಿತ್ತು. ಅದಕ್ಕಿಂತ ದೊಡ್ಡ ಕಾರಣವಿರಲಿಲ್ಲ. ತುದಿ ಮುಟ್ಟಿದವರು, ಕೊನೆಯ ಏಳು ತಿರುವು ಚೆನ್ನಾಗಿ ಬರಲಿಲ್ಲವೆಂದು ಅಷ್ಟನ್ನೂ ಇಳಿದು ಮತ್ತೊಮ್ಮೆ ಹತ್ತಿದರಂತೆ. ಅಜ್ಜಿಯ ಮನೆ ಸೇರುವಾಗ ಮುಕ್ಕಾಲು ಗಂಟೆ ತಡ. ಮುಂದಿನ ಮನೆಯವರು ಕಾಯುತ್ತಿದ್ದರು. ಸೂತ್ರದ ನಡುಭಾಗ ಹಾರಿಸಿ ಹದಿನೈದೇ ನಿಮಿಷಕ್ಕೆ ಕೊನೆಯ ಗಂಟೆ ಬಾರಿಸಿದರು. ಊದುಬತ್ತಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಅಜ್ಜಿ ಅದನ್ನು ನೋಡಿದರು. ನೋಡಿ, ಚಾಪೆಗೆ ಹಣೆ ಮುಟ್ಟಿಸಿ ತಮ್ಮದೇ ತಪ್ಪೆಂದರು. ಕಾಲು ನೋವೆಂದು ತಾವು ಪೇಟೆಗೆ ಹೋಗಲಿಲ್ಲ, ಊದುಬತ್ತಿ ಪಕ್ಕದ ಮನೆಯವರ ಕೈಲಿ ತರಿಸಿದ್ದು, ಯಾವುದೋ ನಿಧಾನಕ್ಕೆ ಉರಿಯುವ ಜಾತಿ ಬಂದುಬಿಟ್ಟಿದೆ ಎಂದು ಹೇಳಿಕೊಂಡರು. ನಮ್ಮವರು ಪರವಾಗಿಲ್ಲ ಎಂದು ಹೇಳಿ ಎದ್ದು ಬಂದರು.

ಸಂಜೆ ಊಟಕ್ಕೆ ಕೂತವರು ಬಟ್ಟಲು ಮುಟ್ಟಲಿಲ್ಲ. ಒಂದೊಂದಾಗಿ ಎಲ್ಲ ಹೇಳಿದರು.

"ತಪ್ಪು ಮಾಡಿದ್ದು ನಾನು. ಅವರನ್ನ ನಾನು ಕ್ಷಮಿಸಿ ಬಂದೆ ಕಣೇ."

ನನಗೆ ಮೈ ಉರಿದುಹೋಯಿತು. ಬೈಯಬೇಕೆಂದು ಬಾಯಿ ತೆರೆದೆ, ಆದರೆ ಹನ್ನೆರಡು ವರ್ಷದಿಂದ ಆ ಎಲೆ ಗುಡಿಸಿದವಳು ನಾನೇ ಅಲ್ಲವೇ. ಹದಿನಾರಕ್ಕೆ ಸಂಜೆ ಹಿರಿಯರು ವಾಪಸು ಹೊರಡುತ್ತಾರೆ, ಅಷ್ಟರೊಳಗೆ ಹೋಗಿ ಹೇಳಿ ಬನ್ನಿ ಎಂದೆ.

ಹದಿನಾರಕ್ಕೆ ಬೆಳಿಗ್ಗೆ ಕಾರಿನಲ್ಲಿ, ಸುರಂಗದ ದಾರಿಯಲ್ಲಿ ಹೋದರು. ಇಡೀ ಸೂತ್ರ ಒಂದಕ್ಷರ ಬಿಡದೆ ಓದಿದರು. ಆಮೇಲೆ ತಿರುಗಿ ಕೂತು ಅಜ್ಜಿಗೆ ನಿಜ ಹೇಳಿದರು. ಅಜ್ಜಿ ಊದುಬತ್ತಿಯ ಬೂದಿಯತ್ತ ನೋಡಿದರು.

"ಹಾಗಾದ್ರೆ ಊದುಬತ್ತಿದಲ್ವಾ ತಪ್ಪು? ಎರಡು ದಿನದಿಂದ ಅವರ ಫೋಟೋ ಮುಂದೆ ಕೂತು ತಪ್ಪಾಯ್ತು, ತಪ್ಪಾಯ್ತು ಅಂತಿದ್ದೀನಲ್ಲ ಗುರುಗಳೇ."

ಗೂಡಿನ ಮುಂದೆ, ಹಿರಿಯರು ಏರಿ ಬರಲೆಂದು ಕಡ್ಡಿಯ ಕಾಲು ಚುಚ್ಚಿ ಮಾಡಿಟ್ಟ ಸೌತೆಕಾಯಿ ಕುದುರೆ ಇತ್ತು. ಅಜ್ಜಿ ಅದನ್ನು ತೋರಿಸಿದರು.

"ಅವರು ಇದರ ಮೇಲೆ ಕೂತು ಪರಲೋಕದಿಂದ ಹೊತ್ತಿಗೆ ಸರಿಯಾಗಿ ಬಂದ್ರು. ನಿಮಗೆ ಆ ಬೈಕಲ್ಲಿ ಘಟ್ಟದ ಆಚೆಯಿಂದ ಬರೋಕಾಗ್ಲಿಲ್ಲ. ನನಗೆ ಹೇಳಿ ಏನು ಪ್ರಯೋಜನ? ಅವರಿಗೇ ಹೇಳಿ. ಯಾಕೆ ತಡವಾಯ್ತು ಅಂತ, ಒಂದೂ ಬಿಡದೆ."

ನಮ್ಮವರು ತಮೊತ್ಸು ಅವರ ಫೋಟೋದ ಮುಂದೆ ಕೈ ಮುಗಿದು ಶುರು ಮಾಡಿದರು. ಮೊದಮೊದಲು ನಾಲಿಗೆ ಹೊರಳಲಿಲ್ಲ. ಮೊದಲ ತಿರುವು ಇದ್ದಿಲು ಗೂಡಿನ ಹತ್ತಿರ, ಒಂಬತ್ತನೆಯದರಲ್ಲಿ ಒರತೆ ನೀರು ಜಿನುಗುತ್ತದೆ, ಜೋಪಾನ. ಇಪ್ಪತ್ತಮೂರನೆಯದರಲ್ಲಿ ರಸ್ತೆ ತಾನೇ ಒಳಕ್ಕೆ ಬಾಗಿದೆ, ಅಲ್ಲಿ ಬೈಕನ್ನು ಓಡಿಸುವುದೇ ಬೇಡ, ಬಿಟ್ಟುಕೊಟ್ಟರೆ ಸಾಕು. ಮುಗಿದಿದ್ದ ಕೈ ಯಾವಾಗಲೋ ಬಿಚ್ಚಿಕೊಂಡು ಗಾಳಿಯಲ್ಲಿ ವಾಲತೊಡಗಿತು. ಕೊನೆಯ ಏಳನ್ನು ಎರಡನೇ ಸಲ ಹತ್ತಿದ ಕಡೆಗೆ ಬಂದಾಗ ತಮ್ಮ ದನಿ ತಮಗೇ ಕೇಳಿಸಿತಂತೆ. ಅಲ್ಲಿಗೆ ನಿಲ್ಲಿಸಿದರು.

ಮನೆಗೆ ಬಂದವರು ಅಡುಗೆಮನೆಯಲ್ಲಿ ನಿಂತೇ ಇದನ್ನೆಲ್ಲ ಹೇಳಿದರು.

"ಕ್ಷಮೆ ಕೇಳೋಕೆ ಕೂತವನು, ಫುಮಿ. ಹೇಳ್ತಾ ಹೇಳ್ತಾ ನನಗೆ ಮತ್ತೆ ಖುಷಿ ಆಗಿಬಿಡ್ತು. ಅವರ ಫೋಟೋ ಮುಂದೆ ನಗ್ತಾ ಇದ್ದೆ ನಾನು. ಅಜ್ಜಿ ಹಿಂದೆ ಕೂತು ನೋಡ್ತಾ ಇದ್ರು."

ಅಜ್ಜಿ ಏನೂ ಅನ್ನಲಿಲ್ಲವೇ ಎಂದು ಕೇಳಿದೆ.

"ಬಾಗಿಲ ತನಕ ಬಂದ್ರು. ಮುಂದಿನ ವರ್ಷ ಸುರಂಗದಲ್ಲೇ ಬನ್ನಿ ಗುರುಗಳೇ, ಇಲ್ಲಿ ಕಾಯೋರು ನಾವಿಬ್ಬರು ಅಂದ್ರು."